ನ್ಯುಮೋನಿಯಾಕ್ಕೆ ಅಡ್ಮಿಟ್ ಆದವರಿಗೆ ಹೊಟ್ಟೆ ಯಾಕೆ ಕೆಡ್ತದೆ?

ಪ್ರಶ್ನೆ: ಡಾಕ್ಟ್ರೇ, ನಾವು ಕೋಟದವರು. ನನ್ನ ಮಾವನಿಗೆ 71 ವರ್ಷ, ಶುಗರ್ ಉಂಟು, ಹಾರ್ಟಿಗೆ ಅಂತ ಆಸ್ಪಿರಿನ್ ತಗೊಳ್ತಾರೆ, ಈಗ್ಲೂ ಗದ್ದೆಗೆ ಇಳಿಯುವವರು. ಈ ಮಳೆಗೆ ಜ್ವರ ಕೆಮ್ಮು ಜೋರಾಗಿ ನ್ಯುಮೋನಿಯಾ ಅಂತ ಅಡ್ಮಿಟ್ ಮಾಡಿ ಇವತ್ತಿಗೆ ಎಂಟು ದಿನ ಆಯ್ತು. ಮೊದ್ಲು ಬಲಬದಿ ಹೊಟ್ಟೆ ನೋವು ಅಂತಿದ್ರು. ಐಸಿಯುನಲ್ಲಿ ಮಾಸ್ಕಿನ ಮಿಷನ್ ಹಾಕಿದ ಮೇಲೆ ಹೊಟ್ಟೆ ಉಬ್ಬಿ ನಾಲ್ಕು ದಿನ ಮೋಶನ್ ಆಗ್ಲಿಲ್ಲ. ವಾರ್ಡಿಗೆ ಬಂದ್ಮೇಲೆ ಉಲ್ಟಾ, ನಿನ್ನೆಯಿಂದ ಏಳೆಂಟು ಸಲ ನೀರಾಗಿ ಹೋಗಿದೆ. ಲಿವರ್ ಟೆಸ್ಟ್ ಸ್ವಲ್ಪ ಏರಿದೆಯಂತೆ, ಹೊಟ್ಟೆಯ ಸ್ಕ್ಯಾನ್ ಬರ್ದಿದ್ದಾರೆ. ಶ್ವಾಸಕೋಶದ ಕಾಯಿಲೆಗೆ ಹೊಟ್ಟೆ ಸ್ಕ್ಯಾನ್ ಎಂತಕ್ಕೆ? ಆಂಟಿಬಯೋಟಿಕ್ ಉಷ್ಣ ಆಗಿ ಹೀಗೆ ಅಂತ ಮನೆಯಲ್ಲಿ ಎಲ್ರೂ ಹೇಳ್ತಾರೆ, ನಿಲ್ಲಿಸಿ ಅಂತ ಕೇಳ್ಬಹುದಾ? ತಿನ್ಲಿಕ್ಕೆ ಎಂತ ಕೊಡುದು?

ಉತ್ತರ: ನೀವು ಬರ್ದದ್ರಲ್ಲಿ ನನಗೆ ಇಷ್ಟ ಆದದ್ದು ಎಂತ ಗೊತ್ತುಂಟಾ, ಯಾವ್ದು ಮೊದ್ಲು ಯಾವ್ದು ಆಮೇಲೆ ಅಂತ ಸಾಲಾಗಿ ಬರ್ದಿದ್ದೀರಿ. ಹೆಚ್ಚಿನವರು "ಹೊಟ್ಟೆ ಸರಿ ಇಲ್ಲ" ಅಂತ ಒಂದೇ ಮಾತು ಹೇಳ್ತಾರೆ, ಒಂದು ಗ್ಯಾಸ್ ಇಂಜೆಕ್ಷನ್ ಸಿಗ್ತದೆ, ಮುಗೀತು. ನಿಮ್ಮ ಮಾವನಿಗೆ ಆಗಿರುದು ಒಂದೇ ಹೊಟ್ಟೆ ತೊಂದ್ರೆ ಅಲ್ಲ, ಮೂರ್ನಾಲ್ಕು ಬೇರೆ ಬೇರೆ ತೊಂದ್ರೆ, ಒಂದೊಂದಕ್ಕೂ ಒಂದೊಂದು ಕಾರಣ. ಆ ಕಾರಣ ಹಿಡೀಲಿಕ್ಕೆ ಇರುವ ದಾರಿ ಒಂದೇ, ತೊಂದ್ರೆ ಶುರು ಆದ ದಿನ ಯಾವ್ದು, ಅದಕ್ಕಿಂತ ಒಂದೆರಡು ದಿನ ಮೊದ್ಲು ಎಂತ ಹೊಸತಾಗಿ ಸೇರಿಸಿದ್ರು ಅಂತ ನೋಡುದು.

ಅವಸರದ ಉತ್ತರ ಮೊದ್ಲು ಕೊಡ್ತೇನೆ. ಆಂಟಿಬಯೋಟಿಕನ್ನು ನೀವಾಗಿ ನಿಲ್ಲಿಸ್ಬೇಡಿ, ಬೇಡ ಅಂತ ಹಟ ಹಿಡೀಬೇಡಿ. ಆದ್ರೆ ನಾಳೆ ಬೆಳಿಗ್ಗೆ ರೌಂಡ್ಸಿಗೆ ಬಂದಾಗ "ಇನ್ನು ಎಷ್ಟು ದಿನ ಬೇಕು, ಬದಲಾಯಿಸ್ಲಿಕ್ಕೆ ಆಗ್ತದಾ" ಅಂತ ಖಂಡಿತ ಕೇಳಿ, ಅದು ಕೇಳುವ ಪ್ರಶ್ನೆಯೇ, ಯಾರೂ ತಪ್ಪು ತಿಳ್ಕೊಳ್ಳುದಿಲ್ಲ. ಭೇದಿಯ ವಿಷ್ಯ ಮಾತ್ರ ನಾಳೆಗೆ ಇಡ್ಬೇಡಿ, ಇವತ್ತೇ ಸಿಸ್ಟರಿಗೆ ಎಷ್ಟು ಸಲ ಅಂತ ಲೆಕ್ಕ ಕೊಟ್ಟು ಡ್ಯೂಟಿ ಡಾಕ್ಟ್ರಿಗೆ ತಿಳಿಸ್ಲಿಕ್ಕೆ ಹೇಳಿ. ಸ್ಕ್ಯಾನ್ ಮಾಡಿಸಿ, ಅದು ಬೇಕು, ಯಾಕೆ ಅಂತ ಕೆಳಗೆ ಹೇಳ್ತೇನೆ.

ಈಗ ಮೊದಲನೇದು, ಬಲಬದಿ ನೋವು. ಎದೆಗೂ ಹೊಟ್ಟೆಗೂ ನಡುವೆ ಇರುದು ಡಯಾಫ್ರಮ್ ಅಂತ ಒಂದು ತೆಳು ಮಾಂಸದ ಪದರ, ನಮ್ಮ ಹಳೆ ಮನೆಗಳ ಮುಚ್ಚಿಗೆ ಹಾಗೆ, ಮೇಲೆ ಸದ್ದಾದ್ರೆ ಕೆಳಗೆ ಕೇಳ್ತದೆ. ಶ್ವಾಸಕೋಶದ ಕೆಳಭಾಗದಲ್ಲಿ ಸೋಂಕಾಗಿ ಅದರ ಹೊದಿಕೆ ಉರಿ ಬಂದ್ರೆ, ಅಲ್ಲಿಯ ನರಗಳೇ ಹೊಟ್ಟೆಯ ಗೋಡೆಗೂ ಹೋಗುದ್ರಿಂದ ರೋಗಿಗೆ ಹೊಟ್ಟೆ ನೋವು ಅಂತ್ಲೇ ಅನ್ನಿಸ್ತದೆ. ಪಿತ್ತಕೋಶದ ಕಲ್ಲು, ಅಪೆಂಡಿಕ್ಸ್ ಅಂತ ಸರ್ಜನ್ ಹತ್ರ ಹೋಗಿ ಕೊನೆಗೆ ಎದೆ ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಸಿಗುದು ಉಂಟು, ಮಕ್ಕಳಲ್ಲಂತೂ ಜಾಸ್ತಿ. ಈ ನೋವು ಉಸಿರು ಎಳೆದಾಗ, ಕೆಮ್ಮಿದಾಗ ಜೋರಾಗ್ತದೆ, ಸೋಂಕು ಇಳಿದ ಹಾಗೆ ಇಳೀತದೆ. ನಿಮ್ಮ ಮಾವ ಈಗ ಆ ನೋವು ಹೇಳ್ತಿಲ್ಲ ಅಂತಾದ್ರೆ ಅಷ್ಟಕ್ಕೆ ಬಿಡಿ.

ಉಬ್ಬರಕ್ಕೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಇದನ್ನು ಎಲ್ರೂ ಸಣ್ಣದು ಮಾಡ್ತಾರೆ. ಆ ಮಾಸ್ಕಿನ ಮಿಷನ್, ಬೈಪ್ಯಾಪ್ ಅಂತಾರೆ, ಅದು ಗಾಳಿಯನ್ನು ಒತ್ತಿ ಕೊಡುದು, ಗಾಳಿಗೆ ಶ್ವಾಸನಾಳ ಯಾವ್ದು ಅನ್ನನಾಳ ಯಾವ್ದು ಅಂತ ಗೊತ್ತಿಲ್ಲ. ಒತ್ತಡ 20 ಸೆಂಟಿಮೀಟರ್ ನೀರಿನ ಆಸುಪಾಸು ದಾಟಿದ್ರೆ ಅನ್ನನಾಳದ ಬಾಗಿಲು ತೆರ್ದು ಗಾಳಿ ಹೊಟ್ಟೆಗೆ ಹೋಗ್ತದೆ, ದಮ್ಮು ಕಟ್ಟಿದವರು ಬಾಯಿಯಿಂದ ಗುಟುಕು ಗುಟುಕಾಗಿ ನುಂಗುದು ಬೇರೆ. ಅದ್ರ ಮೇಲೆ ಜೋರು ಸೋಂಕು ಇದ್ದಾಗ ಕರುಳು ತನ್ನಷ್ಟಕ್ಕೆ ನಿಧಾನ ಆಗ್ತದೆ, ಹಾಸಿಗೆ ಬಿಟ್ಟು ಏಳುದಿಲ್ಲ, ಹೊಟ್ಟೆಗೆ ನಾರಿನ ಅಂಶ ಹೋಗಿಲ್ಲ, ಕೆಮ್ಮಿಗೆ ಕೊಡೀನ್ ಇರುವ ಸಿರಪ್ ಕೊಟ್ಟಿದ್ರೆ ಅದೂ ಕಟ್ಟಿ ಹಾಕ್ತದೆ, ವಾಂತಿಗೆ ಕೊಡುವ ಒಂಡಾನ್ಸೆಟ್ರಾನ್ ಕೂಡ ಅಷ್ಟೆ. ಇನ್ನೊಂದು ಯಾರ ಕಣ್ಣಿಗೂ ಬೀಳದ್ದು ಪೊಟ್ಯಾಸಿಯಂ. ದಮ್ಮಿಗೆ ನೆಬ್ಯುಲೈಸರಲ್ಲಿ ಹಾಕುವ ಸಾಲ್ಬುಟಮಾಲ್ ರಕ್ತದ ಪೊಟ್ಯಾಸಿಯಂ ಇಳಿಸ್ತದೆ, ನೀರು ಇಳೀಲಿಕ್ಕೆ ಕೊಡುವ ಲ್ಯಾಸಿಕ್ಸ್ ಇಳಿಸ್ತದೆ, ಸ್ಟೀರಾಯ್ಡ್ ಇಳಿಸ್ತದೆ, ಅದು 3.5ಕ್ಕಿಂತ ತುಂಬ ಕೆಳಗೆ ಹೋದ್ರೆ ಕರುಳಿನ ಮಾಂಸಕ್ಕೆ ಹಿಂಡುವ ಶಕ್ತಿಯೇ ಇರುದಿಲ್ಲ. ಶುಗರ್ ವರ್ಷಗಟ್ಟಲೆ ಇದ್ದವರಿಗೆ ಹೊಟ್ಟೆಯ ನರವೇ ಮೊದ್ಲಿಂದ ಮಂದ ಆಗಿರ್ತದೆ, ಇದೆಲ್ಲಾ ಸೇರಿದ್ರೆ ನಾಲ್ಕು ದಿನ ಮೋಶನ್ ಆಗದ್ದು ಆಶ್ಚರ್ಯ ಏನಲ್ಲ.

ಇದು ಸಣ್ಣ ವಿಷ್ಯ ಅಲ್ಲ ಅಂದದ್ದು ಯಾಕೆ ಅಂದ್ರೆ ಹೊಟ್ಟೆ ಉಬ್ಬಿದ್ರೆ ಡಯಾಫ್ರಮ್ ಕೆಳಗೆ ಇಳೀಲಿಕ್ಕೆ ಜಾಗ ಇಲ್ಲ, ಮೊದ್ಲೇ ಸೋತ ಶ್ವಾಸಕೋಶಕ್ಕೆ ಇನ್ನೂ ಕಷ್ಟ. ಆಕ್ಸಿಜನ್ ಇಳೀತಾ ಉಂಟು ಅಂತ ಎಲ್ರೂ ಎದೆ ನೋಡ್ತಿರ್ತಾರೆ, ಚಾದರ ಸರಿಸಿ ಹೊಟ್ಟೆ ಮೇಲೆ ಬೆರಳು ತಟ್ಟಿದ್ರೆ ಚೆಂಡೆ ಹಾಗೆ ಟಣ್ ಅಂತದೆ, ಮೂಗಿಂದ ರೈಲ್ಸ್ ಟ್ಯೂಬ್ ಹಾಕಿ ಗಾಳಿ ತೆಗೆದ್ರೆ ಸ್ವಲ್ಪ ಹೊತ್ತಲ್ಲೇ ಉಸಿರು ಹಗುರ ಆಗ್ತದೆ. ಹಾಗಾಗಿ ಮೋಶನ್ ಆಗ್ಲಿಲ್ಲ ಅಂತ ಹೇಳ್ಲಿಕ್ಕೆ ನಾಚಿಕೆ ಬೇಡ, ಎರಡನೇ ದಿನವೇ ಹೇಳಿ. ಗ್ಯಾಸ್ ಹೋಗ್ತಾ ಉಂಟಾ ಅಂತ ಕೂಡ ನೋಡ್ಬೇಕು, ನಮಗೆ ಅದು ಮೋಶನ್ನಿಗಿಂತ ಮುಖ್ಯ. ಗ್ಯಾಸೂ ಹೋಗದೆ, ಹೊಟ್ಟೆ ಗಟ್ಟಿಯಾಗಿ, ಹಸಿರು ವಾಂತಿ ಬಂದ್ರೆ ಅದು ಕೂಡ್ಲೆ ಡಾಕ್ಟ್ರು ಬಂದು ನೋಡ್ಬೇಕಾದ್ದು. ದೊಡ್ಡ ಕರುಳು ಎಲ್ಲಿಯೂ ಅಡ್ಡಿ ಇಲ್ಲದೆ ಸುಮ್ನೆ ಊದಿ ನಿಲ್ಲುವ ಒಂದು ಸ್ಥಿತಿ ಉಂಟು, 1948ರಲ್ಲಿ ಓಗಿಲ್ವಿ ಅಂತ ಸರ್ಜನ್ ಬರ್ದದ್ದು, ಹಾಸಿಗೆ ಹಿಡಿದ ವಯಸ್ಸಾದವರಲ್ಲಿ ನಾವು ಹೆದರುದು ಅದಕ್ಕೆ. ಮನೆಯಿಂದ ಹರಳೆಣ್ಣೆ ತಂದು ಕುಡಿಸುದು, ಗ್ಯಾಸ್ ಹೋಗ್ಲಿ ಅಂತ ಸೋಡಾ, ಈನೋ ಕೊಡುದು, ದಯವಿಟ್ಟು ಬೇಡ ಮಾರಾಯ್ರೆ.

ಈಗ ಭೇದಿ. ಇಲ್ಲಿ ನಾನು ಮೊದ್ಲು ಕೇಳುದು ಆಂಟಿಬಯೋಟಿಕ್ ಬಗ್ಗೆ ಅಲ್ಲ. ನಾಲ್ಕು ದಿನ ಹೋಗ್ಲಿಲ್ಲ ಅಂತ ಹೇಳಿದ್ಮೇಲೆ ಯಾರೋ ಒಬ್ರು ಲ್ಯಾಕ್ಟುಲೋಸ್ ಸಿರಪ್ಪೋ ಮೋಶನ್ ಆಗ್ಲಿಕ್ಕೆ ಕೊಡುವ ಬೇರೆ ಔಷಧವೋ ಬರ್ದಿರ್ತಾರೆ, ಐಸಿಯುನಿಂದ ವಾರ್ಡಿಗೆ ಬಂದಾಗ ಆ ಚೀಟಿ ಹಾಗೇ ಬಂದಿರ್ತದೆ, ಮೋಶನ್ ಆಗಿ ಹೋದ್ರೂ ರಾತ್ರಿ ರಾತ್ರಿ ಸಿರಪ್ ಕೊಡುದು ನಡೀತಾ ಇರ್ತದೆ. ಇದು ನಾನು ಎಷ್ಟೋ ಸಲ ನೋಡಿದ್ದು. ಸಿಸ್ಟರ್ ಹತ್ರ "ಮೋಶನ್ನಿನ ಸಿರಪ್ ಈಗ್ಲೂ ಉಂಟಾ" ಅಂತ ಕೇಳಿ. ಇನ್ನೊಂದು, ವಯಸ್ಸಾದವರಲ್ಲಿ ಕೆಳಗೆ ಗಟ್ಟಿ ಮಲ ಕಟ್ಟಿ ಕೂತು ಅದರ ಸುತ್ತಲಿಂದ ನೀರು ಮಾತ್ರ ಸೋರುದು, ನೋಡುವವರಿಗೆ ಭೇದಿ, ಒಳಗೆ ಇರುದು ಮಲಬದ್ಧತೆ. ಡಾಕ್ಟ್ರು ಗ್ಲೌಸ್ ಹಾಕಿ ಪರೀಕ್ಷೆ ಮಾಡಿದ್ರೆ ಒಂದು ನಿಮಿಷದಲ್ಲಿ ಗೊತ್ತಾಗ್ತದೆ, ಅದಕ್ಕೆ ಭೇದಿ ನಿಲ್ಲುವ ಮಾತ್ರೆ ಕೊಟ್ರೆ ಕಥೆ ಕೆಟ್ಟಿತು.

ಇವೆರಡೂ ಅಲ್ಲ ಅಂತಾದ್ರೆ ಆಮೇಲೆ ಆಂಟಿಬಯೋಟಿಕ್. ಮನೆಯವರು ಹೇಳುದು ಪೂರಾ ಸುಳ್ಳಲ್ಲ, ಔಷಧಕ್ಕೂ ಭೇದಿಗೂ ಸಂಬಂಧ ಉಂಟು, ಆದ್ರೆ ಅದು ಬೊಂಡ, ಅಂದ್ರೆ ಎಳನೀರು, ಕುಡಿಸಿ ತಂಪು ಮಾಡುವ ವಿಷ್ಯ ಅಲ್ಲ. ಅಜಿತ್ರೋಮೈಸಿನ್ ಹೊಟ್ಟೆ ಕರುಳನ್ನು ನೇರ ಕೆಣಕಿ ಜೋರಾಗಿ ಓಡಿಸ್ತದೆ, ಆಗ್ಮೆಂಟಿನ್‌ನಲ್ಲಿರುವ ಕ್ಲಾವುಲನೇಟಿಗೂ ಆ ಗುಣ ಉಂಟು. ಇಂಥ ಭೇದಿ ಔಷಧ ಶುರು ಮಾಡಿದ ಒಂದೆರಡು ದಿನದಲ್ಲೇ ಬರ್ತದೆ, ಜ್ವರ ಇರುದಿಲ್ಲ, ನಿಲ್ಲಿಸಿದ್ರೆ ನಿಲ್ತದೆ. ನಿಮ್ಮ ಮಾವನಿಗೆ ಬಂದದ್ದು ಏಳನೇ ದಿನ, ಅದಕ್ಕೆ ನನಗೆ ಇನ್ನೊಂದು ಸಂಶಯ.

ದೊಡ್ಡ ಕರುಳಲ್ಲಿ ಕೋಟಿಗಟ್ಟಲೆ ಒಳ್ಳೆ ಬ್ಯಾಕ್ಟೀರಿಯಾ ಇರ್ತದೆ, ನ್ಯುಮೋನಿಯಾದ ಜೋರು ಆಂಟಿಬಯೋಟಿಕ್, ಅಂದ್ರೆ ಸೆಫ್ಟ್ರಿಯಾಕ್ಸೋನ್, ಲಿವೋಫ್ಲಾಕ್ಸಾಸಿನ್, ಕ್ಲಿಂಡಾಮೈಸಿನ್ ಇಂಥದ್ದೆಲ್ಲ, ಅವನ್ನೂ ಕೊಲ್ತದೆ. ಖಾಲಿ ಆದ ಜಾಗದಲ್ಲಿ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಅಂತ ಒಂದು ಬೆಳೆದು ವಿಷ ಬಿಡ್ತದೆ, ನಾವು ಸಿ ಡಿಫ್ ಅಂತೇವೆ. 24 ಗಂಟೆಯಲ್ಲಿ ಮೂರೋ ಅದಕ್ಕಿಂತ ಜಾಸ್ತಿಯೋ ಸಲ ನೀರಾಗಿ ಹೋದ್ರೆ, ಬೇರೆ ಕಾರಣ ಕಾಣದಿದ್ರೆ, ಮಲದ ಟೆಸ್ಟ್ ಕಳಿಸ್ಬೇಕು. ಒಂದು ಎಚ್ಚರ, ಆ ಮೋಶನ್ನಿನ ಸಿರಪ್ ಕೊಡ್ತಾ ಇದ್ರೆ ಮೊದ್ಲು ಅದನ್ನು ನಿಲ್ಲಿಸಿ ನೋಡ್ಬೇಕು, ಯಾಕಂದ್ರೆ ಈ ಬ್ಯಾಕ್ಟೀರಿಯಾ ಸುಮ್ನೆ ಕರುಳಲ್ಲಿ ಕೂತಿರುವವರೂ ಇದ್ದಾರೆ, ಟೆಸ್ಟ್ ಪಾಸಿಟಿವ್ ಬಂದು ಬೇಡದ ಚಿಕಿತ್ಸೆ ಆಗ್ತದೆ. ಜ್ವರ ಪುನಃ ಏರಿದ್ರೆ, ಬಿಳಿ ರಕ್ತಕಣ ದಿಢೀರ್ ಜಾಸ್ತಿ ಆದ್ರೆ, ಹೊಟ್ಟೆ ನೋವಿದ್ರೆ ಸಂಶಯ ಗಟ್ಟಿ. ಎದೆ ಸರಿಯಾಗ್ತಾ ಇರುವಾಗ ಬಿಳಿ ರಕ್ತಕಣ ಏರಿದ್ರೆ ನ್ಯುಮೋನಿಯಾ ಕೆಟ್ಟಿತು ಅಂತ ಇನ್ನೂ ಜೋರು ಆಂಟಿಬಯೋಟಿಕ್ ಹಾಕುದು ಉಂಟು, ಕೆಲವೊಮ್ಮೆ ತಪ್ಪಿರುದು ಕರುಳಲ್ಲಿ. ಇದಕ್ಕೆ ಔಷಧ ಬಾಯಿಂದ ಕೊಡುವ ವ್ಯಾಂಕೋಮೈಸಿನ್. ಅದೇ ಔಷಧ ರಕ್ತನಾಳಕ್ಕೆ ಕೊಟ್ರೆ ಕರುಳಿನ ಒಳಗೆ ಬರುದಿಲ್ಲ, ಹಾಗಾಗಿ ಇಂಜೆಕ್ಷನ್ ಬಾಟ್ಲಿಯದ್ದನ್ನು ಕುಡಿಸ್ತಿದ್ದಾರೆ ಅಂತ ಗಾಬರಿ ಆಗ್ಬೇಡಿ. ಟೆಸ್ಟ್ ಬರುವವರೆಗೆ ಲೋಪರಮೈಡ್, ಅಂದ್ರೆ ಮೆಡಿಕಲಲ್ಲಿ ಕೇಳಿದ ಕೂಡ್ಲೆ ಕೊಡುವ ಭೇದಿ ನಿಲ್ಲುವ ಮಾತ್ರೆ, ಕೊಡ್ಲೇಬೇಡಿ, ವಿಷ ಒಳಗೇ ಉಳೀತದೆ.

ಬೈಸ್ಟ್ಯಾಂಡರ್ ಆಗಿ ನೀವು ಮಾಡುವ ಕೆಲಸ ಒಂದುಂಟು. ಇದರ ಬೀಜಾಣು ಸ್ಯಾನಿಟೈಸರಿಗೆ ಸಾಯುದಿಲ್ಲ. ಪ್ಯಾಡ್ ಬದಲಾಯಿಸಿದ್ಮೇಲೆ ಸೋಪು ಹಾಕಿ ಹರಿಯುವ ನೀರಲ್ಲಿ ಕೈ ತೊಳೀಬೇಕು, ಮಂಚದ ಕಾಲಿಗೆ ನೇತಾಡುವ ಬಾಟ್ಲಿಯಿಂದ ಎರಡು ಹನಿ ಉಜ್ಜಿಕೊಂಡ್ರೆ ಸಾಲ್ದು.

ಇನ್ನು ಸ್ಕ್ಯಾನ್. ನಿಮಗೆ ಬಿಲ್ಲಿನ ಸಂಶಯ ಇರ್ಬಹುದು, ಬೇರೆ ಕಡೆ ಆದ್ರೆ ನಾನೂ ಒಮ್ಮೆ ಯೋಚಿಸ್ತಿದ್ದೆ. ಆದ್ರೆ ನೀವು ಬರ್ದದ್ದನ್ನು ಇನ್ನೊಮ್ಮೆ ಓದಿ: ಶುಗರ್, ಗದ್ದೆ ಕೆಲಸ, ಮಳೆಗಾಲ, ಉಡುಪಿ ಜಿಲ್ಲೆ, ನ್ಯುಮೋನಿಯಾ, ಲಿವರ್ ಟೆಸ್ಟ್ ಏರಿಕೆ. ಈ ಕರಾವಳಿಯ ಯಾವ ಡಾಕ್ಟ್ರಿಗಾದ್ರೂ ಇದನ್ನು ಕೇಳಿದ ಕೂಡ್ಲೆ ಎರಡು ಕಾಯಿಲೆ ನೆನಪಾಗ್ಬೇಕು. ಒಂದು ಮೆಲಿಯೋಯ್ಡೋಸಿಸ್. ಮಣ್ಣಲ್ಲಿ, ಕೆಸರು ನೀರಲ್ಲಿ ಇರುವ ಬ್ಯಾಕ್ಟೀರಿಯಾ, ಕಾಲಿನ ಗಾಯದಿಂದಲೋ ಉಸಿರಿನಿಂದಲೋ ಒಳಗೆ ಹೋಗ್ತದೆ, ಶುಗರ್ ಇದ್ದವರನ್ನೇ ಹುಡುಕಿ ಹಿಡಿದ ಹಾಗೆ ಹಿಡೀತದೆ. ನ್ಯುಮೋನಿಯಾ ಹಾಗೆ ಶುರು ಆಗಿ ಲಿವರಲ್ಲಿ, ಸ್ಪ್ಲೀನಲ್ಲಿ (ಗುಲ್ಮ) ಸಣ್ಣ ಸಣ್ಣ ಕೀವಿನ ಗುಳ್ಳೆ ಮಾಡ್ತದೆ, ಅದನ್ನು ನೋಡ್ಲಿಕ್ಕೇ ಹೊಟ್ಟೆ ಸ್ಕ್ಯಾನ್. 1911ರಲ್ಲಿ ರಂಗೂನಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಇದು, ನಮ್ಮ ಮಣಿಪಾಲ, ಮಂಗಳೂರಿನ ಲ್ಯಾಬ್‌ಗಳಿಗೆ ಹೊಸತಲ್ಲ. ಇದರ ಔಷಧವೇ ಬೇರೆ, ಸೆಫ್ಟಜಿಡಿಮ್ ಅಥವಾ ಮೆರೊಪೆನೆಮ್ ರಕ್ತನಾಳಕ್ಕೆ ಕಮ್ಮಿ ಅಂದ್ರೂ ಹತ್ತು ಹದಿನಾಲ್ಕು ದಿನ, ಗುಳ್ಳೆ ಇದ್ರೆ ಇನ್ನೂ ಜಾಸ್ತಿ, ಆಮೇಲೆ ಕೋಟ್ರೈಮಾಕ್ಸಜೋಲ್ ಮಾತ್ರೆ ತಿಂಗಳುಗಟ್ಟಲೆ, ಸಾಧಾರಣ ಮೂರು ತಿಂಗಳು. ಮಾಮೂಲಿ ನ್ಯುಮೋನಿಯಾ ಅಂತ ಒಂದು ವಾರದ ಇಂಜೆಕ್ಷನ್ ಕೊಟ್ಟು ಕಳಿಸಿದ್ರೆ ತಿರುಗಿ ಬರ್ತಾರೆ. ಬ್ಲಡ್ ಕಲ್ಚರ್, ಅಂದ್ರೆ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಟೆಸ್ಟ್, ಅದರ ರಿಪೋರ್ಟ್ ಬಂತಾ ಅಂತ ಕೇಳಿ, ಮಾವ ಗದ್ದೆಗೆ ಇಳಿಯುವವರು ಅಂತ ಡಾಕ್ಟ್ರಿಗೆ ಹೇಳಿದ್ದೀರಾ ಇಲ್ವಾ ನೋಡಿ, ಇಲ್ಲದಿದ್ರೆ ಇವತ್ತೇ ಹೇಳಿ.

ಎರಡನೇದು ಇಲಿಜ್ವರ. ಅದ್ರಲ್ಲೂ ಶ್ವಾಸಕೋಶಕ್ಕೆ, ಲಿವರಿಗೆ, ಕಿಡ್ನಿಗೆ ಒಟ್ಟಿಗೆ ಪೆಟ್ಟು ಬೀಳ್ತದೆ, ಕಣ್ಣು ಹಳದಿ ಆಗ್ತದೆ, ಲಿವರ್ ಟೆಸ್ಟಲ್ಲಿ ಹಳದಿ ತೋರಿಸುವ ಬಿಲಿರುಬಿನ್ ತುಂಬ ಏರಿರ್ತದೆ, ಲಿವರಿನ ಪೆಟ್ಟು ತೋರಿಸುವ ಎಸ್‌ಜಿಪಿಟಿ ಅಷ್ಟೇನೂ ಏರಿರುದಿಲ್ಲ. ಮೂತ್ರ ಕಮ್ಮಿ ಆಗಿದ್ರೆ ತಕ್ಷಣ ಹೇಳಿ.

ಎರಡೂ ಅಲ್ಲದೆ ಸಾದಾ ಕಾರಣಕ್ಕೂ ಲಿವರ್ ಟೆಸ್ಟ್ ಏರ್ತದೆ, ಜೋರು ಸೋಂಕು, ಆಕ್ಸಿಜನ್ ಇಳಿದದ್ದು, ಆಗ್ಮೆಂಟಿನ್, ಪ್ಯಾರಾಸಿಟಮಾಲ್. ಸ್ವಲ್ಪ ಏರಿಕೆ ಆದ್ರೆ ಎರಡು ಮೂರು ದಿನ ಬಿಟ್ಟು ಇನ್ನೊಮ್ಮೆ ನೋಡಿದ್ರೆ ಸಾಕು. ಸ್ಕ್ಯಾನ್ ರಿಪೋರ್ಟಲ್ಲಿ ಪಿತ್ತಕೋಶದಲ್ಲಿ ಸ್ಲಡ್ಜ್, ಅಂದ್ರೆ ದಪ್ಪ ಗಸಿ, ಅಂತ ಬಂದು, ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ನಡೀತಾ ಇದ್ರೆ, ಆ ಔಷಧವೇ ಅಲ್ಲಿ ಕೂತು ಕಲ್ಲಿನ ಹಾಗೆ ಕಾಣುದು ಇರ್ಬಹುದು, ನಿಲ್ಲಿಸಿದ್ಮೇಲೆ ತನ್ನಷ್ಟಕ್ಕೆ ಕರಗ್ತದೆ, ಅದಕ್ಕೆ ಆಪರೇಷನ್ ಮಾತಿಗೆ ಹೋಗ್ಬೇಡಿ.

ಊಟದ ವಿಷ್ಯ. ಎಂತ ಕೊಡುದು ಅನ್ನುದಕ್ಕಿಂತ ಹೇಗೆ ಕೊಡುದು ಅನ್ನುದು ದೊಡ್ಡದು. ವಾರ್ಡಲ್ಲಿ ಸಂಜೆ ಒಂದು ಸುತ್ತು ಹೊಡೆದ್ರೆ ಕಾಣ್ತದೆ, ಅಜ್ಜ ಮಲಗಿದಲ್ಲೇ ಇದ್ದಾರೆ, ಕುತ್ತಿಗೆ ಹಿಂದಕ್ಕೆ ಬಿದ್ದಿದೆ, ಆಕ್ಸಿಜನ್ ಮಾಸ್ಕ್ ಗಲ್ಲಕ್ಕೆ ಸರಿಸಿ ಸೊಸೆಯೋ ಮಗಳೋ ಸ್ಟೀಲ್ ಫ್ಲಾಸ್ಕಿನ ಗಂಜಿ ತಿಳಿ ದೊಡ್ಡ ಚಮಚದಲ್ಲಿ ಹೊಯ್ತಾ ಇದ್ದಾರೆ, ನುಂಗಿದ್ರಾ ಅಂತ ನೋಡುವ ಮೊದ್ಲೇ ಇನ್ನೊಂದು ಚಮಚ. ಪ್ರೀತಿಯಿಂದ್ಲೇ ಮಾಡುದು, ಆದ್ರೆ ಅರ್ಧ ಹೋಗುದು ಶ್ವಾಸನಾಳಕ್ಕೆ, ಮರುದಿನ ಜ್ವರ. ಮಂಚದ ತಲೆ ಭಾಗ ಎತ್ತಿ, ಆದಷ್ಟು ಕೂರಿಸಿ, ಗಲ್ಲ ಸ್ವಲ್ಪ ಕೆಳಗೆ, ಸಣ್ಣ ಚಮಚ, ಒಂದು ನುಂಗಿ ಉಸಿರು ತಗೊಂಡ ಮೇಲೆ ಇನ್ನೊಂದು. ಊಟ ಆದ್ಮೇಲೆ ಅರ್ಧ ಗಂಟೆಯಾದ್ರೂ ಮಲಗಿಸ್ಬೇಡಿ. ದಮ್ಮು ಜೋರಿದ್ದಾಗ, ತೂಕಡಿಸ್ತಾ ಇರುವಾಗ, ಬೈಪ್ಯಾಪ್ ಹಾಕಿ ತೆಗೆದ ಕೂಡ್ಲೆ ಬಾಯಿಗೆ ಏನೂ ಬೇಡ. ನೀರು ಕುಡಿದ ಕೂಡ್ಲೆ ಕೆಮ್ಮು ಬಂದ್ರೆ, ಸ್ವರ ಒದ್ದೆ ಒದ್ದೆ ಆದ ಹಾಗೆ ಕೇಳಿದ್ರೆ ನಿಲ್ಲಿಸಿ ಸಿಸ್ಟರಿಗೆ ಹೇಳಿ, ನುಂಗುದನ್ನು ಪರೀಕ್ಷೆ ಮಾಡುವವರು ಇದ್ದಾರೆ, ಸ್ವಲ್ಪ ದಿನ ಟ್ಯೂಬಲ್ಲಿ ಊಟ ಕೊಟ್ರೆ ಅದು ಸೋತ ಲೆಕ್ಕ ಅಲ್ಲ.

ಕುಚ್ಚಿಲಕ್ಕಿ ಗಂಜಿ ಒಳ್ಳೇದೇ, ಕೊಡಿ, ಆದ್ರೆ ಗಂಜಿ ಉಪ್ಪಿನಕಾಯಿಯಲ್ಲೇ ಒಂದು ವಾರ ಕಳೆದ್ರೆ ಮಾಂಸಖಂಡ ಕರಗಿ ಕೆಮ್ಮುವ ಶಕ್ತಿಯೂ ಇರುದಿಲ್ಲ. ಈ ವಯಸ್ಸಿನ ಕಾಯಿಲೆಯವರಿಗೆ ದಿನಕ್ಕೆ ಕಿಲೋ ತೂಕಕ್ಕೆ 1.2 ಗ್ರಾಂ ಪ್ರೋಟೀನ್ ಆದ್ರೂ ಬೇಕು, 60 ಕಿಲೋ ಇದ್ರೆ 72 ಗ್ರಾಂ ಆಯ್ತು, ಒಂದು ಮೊಟ್ಟೆಯಲ್ಲಿ ಇರುದು ಆರು ಗ್ರಾಂ, ಲೆಕ್ಕ ನೀವೇ ಹಾಕಿ. ಹೆಸ್ರುಬೇಳೆ ತೊವ್ವೆ, ಮೊಟ್ಟೆ, ತಿನ್ನುವವರಾದ್ರೆ ಮುಳ್ಳು ತೆಗೆದ ಮೀನು ಮಸಾಲೆ ಇಲ್ಲದೆ ಬೇಯಿಸಿ, ಮೊಸರು, ಇದನ್ನೆಲ್ಲ ಸ್ವಲ್ಪ ಸ್ವಲ್ಪ ಆರು ಸಲ ಕೊಡಿ. ಕಿಡ್ನಿ ತೊಂದ್ರೆ ಇದ್ರೆ ಈ ಲೆಕ್ಕ ಬೇರೆ, ಕೇಳಿ ಕೊಡಿ. ಮೊಸರು ಮಜ್ಜಿಗೆ ಶೀತ ಅಂತ ಬಿಡುದು ಬೇಡ, ನ್ಯುಮೋನಿಯಾಕ್ಕೂ ಮಜ್ಜಿಗೆಗೂ ಜಗಳ ಇಲ್ಲ. ಲಿವೋಫ್ಲಾಕ್ಸಾಸಿನ್ ಮಾತ್ರೆ ಇದ್ರೆ ಮಾತ್ರ ಹೊಟ್ಟೆ ಉರಿಗೆ ಕುಡಿಯುವ ಗುಲಾಬಿ ಸಿರಪ್, ಕ್ಯಾಲ್ಸಿಯಂ, ಐರನ್ ಮಾತ್ರೆ ಎರಡು ಗಂಟೆ ಅಂತರದಲ್ಲಿ ಕೊಡಿ, ಒಟ್ಟಿಗೆ ಕೊಟ್ರೆ ಆಂಟಿಬಯೋಟಿಕ್ ಮೈಗೆ ಹಿಡಿಯುದಿಲ್ಲ. ಪ್ರೊಬಯೋಟಿಕ್ ಕ್ಯಾಪ್ಸುಲ್ ಬಗ್ಗೆ ನನಗೆ ದೊಡ್ಡ ಉತ್ಸಾಹ ಇಲ್ಲ. ಕುತ್ತಿಗೆಯಲ್ಲಿ ಸೆಂಟ್ರಲ್ ಲೈನ್, ಅಂದ್ರೆ ದೊಡ್ಡ ರಕ್ತನಾಳಕ್ಕೆ ಹಾಕಿದ ನಳಿಗೆ, ಇದ್ದವರಿಗೆ ಯೀಸ್ಟ್ ಇರುವ ಪುಡಿಯನ್ನು ಮಂಚದ ಹತ್ರ ಬಿಚ್ಚುದೂ ಬೇಡ, ಅದು ರಕ್ತಕ್ಕೆ ಸೇರಿದ ಕೇಸುಗಳು ಇವೆ.

ಬೊಂಡದಲ್ಲಿ ಪೊಟ್ಯಾಸಿಯಂ ಜಾಸ್ತಿ. ಭೇದಿಯಾಗಿ ಪೊಟ್ಯಾಸಿಯಂ ಇಳಿದವರಿಗೆ ಅದು ಒಳ್ಳೇದು, ಕಿಡ್ನಿಯ ಟೆಸ್ಟ್ ಕ್ರಿಯಾಟಿನಿನ್ ಏರಿದವರಿಗೆ, ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ಇಂಥ ಬಿಪಿ, ಹಾರ್ಟಿನ ಮಾತ್ರೆ ತಗೊಳ್ಳುವವರಿಗೆ ಅದೇ ಬೊಂಡ ಹಾರ್ಟಿಗೆ ಅಪಾಯ. ಇವತ್ತಿನ ರಿಪೋರ್ಟ್ ನೋಡಿ ಕೊಡಿ. ಶುಗರ್ ಅಂತ ಓಆರ್‌ಎಸ್ ಬಿಡ್ಬೇಡಿ, ಒಂದು ಲೀಟರಲ್ಲಿ ಇರುದು 13.5 ಗ್ರಾಂ ಗ್ಲೂಕೋಸ್ ಅಷ್ಟೆ, ಪುಡಿ ಪ್ಯಾಕೆಟಿನದ್ದು ತನ್ನಿ, ಜ್ಯೂಸಿನ ಹಾಗೆ ರೆಡಿ ಸಿಗುವ ಸಿಹಿ ಡಬ್ಬ ಬೇಡ.

ಕೊನೆಗೆ ಗ್ಯಾಸ್ ಮಾತ್ರೆ. ನೀವು ಕೇಳ್ಲಿಲ್ಲ, ಆದ್ರೂ ಡಿಸ್ಚಾರ್ಜ್ ಚೀಟಿಯಲ್ಲಿ ಪ್ಯಾಂಟೊಪ್ರಜೋಲ್ ಇದ್ದೇ ಇರ್ತದೆ. ಜೋರು ಕಾಯಿಲೆಯಲ್ಲಿ ಹೊಟ್ಟೆಯ ಒಳಪದರಕ್ಕೆ ರಕ್ತ ಸಾಲದೆ ಹುಣ್ಣಾಗಿ ರಕ್ತ ಸೋರುದು ನಿಜ, ಅದು ಮುಖ್ಯವಾಗಿ ವೆಂಟಿಲೇಟರಲ್ಲಿ ಎರಡು ದಿನ ದಾಟಿದವರಿಗೆ, ರಕ್ತ ಹೆಪ್ಪುಗಟ್ಟದ ತೊಂದ್ರೆ ಇರುವವರಿಗೆ. 2024ರಲ್ಲಿ ವೆಂಟಿಲೇಟರಲ್ಲಿದ್ದ 4821 ರೋಗಿಗಳ ಮೇಲೆ ದೊಡ್ಡ ಅಧ್ಯಯನ ಬಂತು, ಪ್ಯಾಂಟೊಪ್ರಜೋಲ್ ಕೊಟ್ಟವರಲ್ಲಿ ನೂರಕ್ಕೆ 1.0, ಕೊಡದವರಲ್ಲಿ 3.5 ಜನರಿಗೆ ದೊಡ್ಡ ರಕ್ತಸ್ರಾವ ಆಯ್ತು, ಸಾವಿನ ಲೆಕ್ಕದಲ್ಲಿ ವ್ಯತ್ಯಾಸ ಆಗ್ಲಿಲ್ಲ. ವಾರ್ಡಲ್ಲಿ ಕೂತು ಇಡ್ಲಿ ತಿನ್ನುವ ಎಲ್ರಿಗೂ ಅದು ಬೇಕಾಗಿಲ್ಲ, ಹೊಟ್ಟೆಯ ಆಸಿಡ್ ತಿಂಗಳುಗಟ್ಟಲೆ ಕಮ್ಮಿ ಮಾಡಿ ಇಟ್ರೆ ಸಿ ಡಿಫ್ ಬರುವ ಸಾಧ್ಯತೆ ಜಾಸ್ತಿ. ಆದ್ರೆ ನಿಮ್ಮ ಮಾವ ಆಸ್ಪಿರಿನ್ ತಗೊಳ್ಳುವವರು, ವಯಸ್ಸು 70 ದಾಟಿದೆ, ಅವರಿಗೆ ಕಾರಣ ಉಂಟು, ನೀವಾಗಿ ನಿಲ್ಲಿಸ್ಬೇಡಿ, "ಎಷ್ಟು ದಿನಕ್ಕೆ" ಅಂತ ಚೀಟಿಯಲ್ಲೇ ಬರೆಸಿಕೊಳ್ಳಿ. ಮಲ ಟಾರಿನ ಹಾಗೆ ಕಪ್ಪಗೆ, ಅಂಟು ಅಂಟಾಗಿ, ಕೆಟ್ಟ ವಾಸನೆಯಲ್ಲಿ ಹೋದ್ರೆ ಅದು ರಕ್ತ. ಐರನ್ ಮಾತ್ರೆಗೂ ಕಪ್ಪಾಗ್ತದೆ ಆದ್ರೆ ಅದು ಅಂಟುದಿಲ್ಲ. ಸಂಶಯ ಬಂದ್ರೆ ಫ್ಲಶ್ ಮಾಡ್ದೆ ಸಿಸ್ಟರಿಗೆ ತೋರಿಸಿ.

ಮನೆಗೆ ಬಂದ್ಮೇಲೂ ಎರಡು ಮೂರು ತಿಂಗಳೊಳಗೆ ಭೇದಿ ಶುರು ಆದ್ರೆ ಊರಿನ ಡಾಕ್ಟ್ರ ಹತ್ರ ಹೋದಾಗ ಮೊದಲ ಮಾತೇ "ಇವರಿಗೆ ಆಸ್ಪತ್ರೆಯಲ್ಲಿ ಇಂಥ ಆಂಟಿಬಯೋಟಿಕ್ ಇಷ್ಟು ದಿನ ಕೊಟ್ಟಿದ್ರು" ಅಂತ ಇರ್ಲಿ, ಡಿಸ್ಚಾರ್ಜ್ ಫೈಲ್ ಕೈಯಲ್ಲಿ ಹಿಡ್ಕೊಂಡೇ ಹೋಗಿ.